ಏಕಾದಶಿಯಂದು ಹೊರಗಿಟ್ಟ ಸೀಸೆ

ಮೊದಲು ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಒಂದು ಪಾರಿವಾಳ. ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದೆ. ನನ್ನನ್ನು ಕಂಡು ಅದು ಹಾರಲಿಲ್ಲ. ಕತ್ತನ್ನು ಒಂದು ಪಕ್ಕಕ್ಕೆ ತಿರುಗಿಸಿತು, ಇನ್ನಷ್ಟು ತಿರುಗಿಸಿತು, ಕೊನೆಗೆ ಕೊಕ್ಕು ಆಕಾಶ ನೋಡುವಷ್ಟು ತಿರುಚಿಕೊಂಡು ಹಾಗೇ ನಿಂತಿತು. ಮುಂದಕ್ಕೆ ಹೆಜ್ಜೆ ಇಡಲು ಹೋಗಿ ಹಿಂದಕ್ಕೆ ಬಿತ್ತು. ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗೆ ಬಂದೆ. ಸಂಜೆ ಹೋಗಿ ನೋಡಿದರೆ ಟ್ಯಾಂಕಿನ ಮೇಲೆ ಎರಡಿದ್ದವು, ಎರಡೂ ಹಾಗೇ.

ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿ. ಕೆಳಗೆ ನಾನು ಮತ್ತು ಅಮ್ಮ, ಮೇಲೆ ಬಾಡಿಗೆಯವರು. ನಾನು ಮದುವೆಯಾಗಲಿಲ್ಲ, ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಮನೆಯ ಮೂರನೆಯ ಜೀವ ಒಂದು ಕಾಕಟೀಲ್ ಹಕ್ಕಿ. ಬೂದು ಮೈ, ಹಳದಿ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು, ಒಂಬತ್ತು ವರ್ಷದವನು. ಅವನ ಪಂಜರ ವರಾಂಡದಲ್ಲಿ ತೂಗುತ್ತಿತ್ತು. ಅವನು ಚೆಲ್ಲಿದ ನವಣೆ ಹೆಕ್ಕಲು ಪಾರಿವಾಳಗಳು ಅಲ್ಲಿಗೂ ಬರುತ್ತಿದ್ದವು. ಅಂದೇ ಪಂಜರವನ್ನು ಒಳಗೆ ತಂದಿಟ್ಟು, ಹಕ್ಕಿ ನೋಡುವ ಡಾಕ್ಟರಿಗೆ ಫೋನ್ ಮಾಡಿದೆ.

ನಮ್ಮ ಕಡೆ ನಾಯಿ ಡಾಕ್ಟರುಗಳು ರಸ್ತೆಗೊಬ್ಬರಿದ್ದಾರೆ. ಹಕ್ಕಿ ಎಂದರೆ ಅವರಲ್ಲಿ ಮುಕ್ಕಾಲು ಜನ ಕೈ ಚೆಲ್ಲುತ್ತಾರೆ. ಇವರು ಹಾಗಲ್ಲ, ಹಕ್ಕಿ ಸಾಕುವವರ ನಮ್ಮ ವಾಟ್ಸಾಪ್ ಗ್ರೂಪಿನವರಿಗೆಲ್ಲ ಇವರೇ ದಿಕ್ಕು. ನಾನು ಪಾರಿವಾಳದ ವಿಷಯ ಹೇಳಿದ ಕೂಡಲೇ ಅವರ ದನಿ ಬದಲಾಯಿತು.

"ಕೊಕ್ಕರೆ ರೋಗ ಅಂತ ಕೋಳಿ ಸಾಕೋರು ಹೇಳ್ತಾರಲ್ಲ ಮೇಡಂ, ಅದರ ಜಾತೀದೇ. ಪಾರಿವಾಳಕ್ಕೆ ಬಂದಿದೆ ಅಂದ್ರೆ ನಮ್ಮ ಹಕ್ಕಿಗಳನ್ನ ಬಿಡತ್ತೆ ಅಂತ ಹೇಳಕ್ಕಾಗಲ್ಲ. ಹಿಡಿದ ಮೇಲೆ ಔಷಧಿ ಇಲ್ಲ. ಎಲ್ಲಾರೂ ಸೇರಿ ಒಂದು ದಿನ ಲಸಿಕೆ ಹಾಕಿಸ್ಬಿಡಿ."

ಎಲ್ಲರೂ ಸೇರಿ ಎಂದದ್ದಕ್ಕೆ ಕಾರಣವಿದೆ. ಸಾಕು ಹಕ್ಕಿಗೆಂದು ಆ ಲಸಿಕೆ ಬೇರೆಯಾಗಿ ಸಿಗುವುದಿಲ್ಲ. ಕೋಳಿ ಫಾರಂಗಳಿಗೆಂದು ಮಾಡಿದ್ದನ್ನೇ ತರಬೇಕು. ಒಂದು ಪುಟ್ಟ ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಪುಡಿ ಇರುತ್ತದೆ. ಅದನ್ನು ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದು ಹಕ್ಕಿಗೋಸ್ಕರ ಯಾರೂ ಸೀಸೆ ಒಡೆಯುವುದಿಲ್ಲ. ಹೀಗಾಗಿ ಸುತ್ತಮುತ್ತಲಿನ ಹಕ್ಕಿ ಸಾಕುವವರು ಒಬ್ಬರ ಮನೆಯಲ್ಲಿ ಸೇರುವುದು ರೂಢಿ. ಹಿಂದಿನ ಸಲ ಅರೆಕೆರೆಯವರೊಬ್ಬರ ಮನೆಯಲ್ಲಿ ಆಗಿತ್ತು. ಈ ಸಲ ನಮ್ಮ ಮನೆಯಲ್ಲೇ ಆಗಲಿ, ಸೀಸೆಯನ್ನೂ ನಾನೇ ತಂದಿಡುತ್ತೇನೆ ಎಂದು ಗ್ರೂಪಿನಲ್ಲಿ ಹಾಕಿದೆ. ಯಾರೂ ಕೇಳಿರಲಿಲ್ಲ. ಎಲ್ಲದಕ್ಕೂ ಮುಂದೆ ನುಗ್ಗುವುದು, ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಳ್ಳುವುದು ನನ್ನ ಹಳೆಯ ಚಟ.

ಮೊದಲು ಉತ್ತರ ಕೊಟ್ಟವರು ಚಿಕ್ಕಲಸಂದ್ರದ ಕಾಂಡಿಮೆಂಟ್ಸ್ ಅಂಗಡಿಯವರು. ಹಳೇ ಊರಿನ ಮನೆತನ, ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಹಾಗಾಗಿ ಐವತ್ತು ದಾಟಿದ ಅವರೂ ನನ್ನನ್ನು 'ಮಿಸ್' ಎಂದೇ ಕರೆಯುತ್ತಿದ್ದರು. 'ಮಿಸ್ ನೋಡ್ಕೋತಾರೆ ಅಂದ್ಮೇಲೆ ನಮಗೇನು ಯೋಚನೆ' ಎಂದು ಬರೆದು ಕೈ ಮುಗಿಯುವ ಚಿತ್ರ ಹಾಕಿದರು. ಅದನ್ನು ಅಮ್ಮನಿಗೆ ಓದಿ ಹೇಳಿ ಹಿಗ್ಗಿದೆ.

ಅವರದು ಬಿಳಿ ಕಾಕಟೀಲ್. ಅಂಗಡಿಯಲ್ಲೇ ಇರುತ್ತಿತ್ತು. ತೂಕದ ಮಿಷನ್ನು ಮಾಡುವ ಕೀಂ ಸದ್ದನ್ನು ಹಾಗೇ ಹೊಡೆಯುತ್ತಿತ್ತು. ಕೋಡುಬಳೆ ತೂಗುವ ಮೊದಲೇ ಕೀಂ ಎಂದು ಗಿರಾಕಿಗಳನ್ನು ಏಮಾರಿಸುತ್ತಿತ್ತು. ಅಂಗಡಿಯವರ ಹೆಂಡತಿಗೆ ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಆಕೆ ಅಂಗಡಿಯ ಮುಂದೆ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಒಂದು ಖಾಲಿ ಡಬ್ಬಿ ಇಟ್ಟುಕೊಂಡು, ಅದರ ಮುಚ್ಚಳವನ್ನು ಬೆರಳಿನಿಂದ ಬಡಿಯುತ್ತಿದ್ದರು. ಎರಡು ಸಲ ಬಡಿದರೆ ಹಕ್ಕಿ ಎರಡು ಸಲ ಕೀಂ, ಮೂರು ಸಲ ಬಡಿದರೆ ಮೂರು ಸಲ. ದಿನವಿಡೀ ಅವರಿಬ್ಬರ ಮಾತುಕತೆ ಅದು. ರೋಗದ ಸುದ್ದಿ ಕೇಳಿದ ಮೇಲೆ ಅಂಗಡಿಯವರು ಪಂಜರವನ್ನು ಒಳಗೋಡೆಗೆ ಸರಿಸಿದ್ದರು. ಅಲ್ಲಿ ಆಕೆಗೆ ಸೆಕೆ, ಕೂರಲಾಗುತ್ತಿರಲಿಲ್ಲ. ಮುಖ ತಿರುಗಿಸಿಕೊಂಡು ಊಟ ಬಿಡುತ್ತಿದ್ದಾಳೆ, ಬೇಗ ಲಸಿಕೆಯಾದರೆ ಸಾಕು ಎಂದು ಅಂಗಡಿಯವರು ನನಗೆ ಎರಡು ಸಲ ಫೋನ್ ಮಾಡಿದ್ದರು.

ಭಾನುವಾರ ಬೆಳಿಗ್ಗೆ ಎಂದು ಗೊತ್ತಾಯಿತು. ಶುಕ್ರವಾರ ಸಂಜೆ ನಾನೇ ಹೋಗಿ, ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಐಸ್ ತುಂಬಿಕೊಂಡು ಸೀಸೆ ತಂದೆ. ಡಾಕ್ಟರು ಫೋನಿನಲ್ಲೇ ಪಾಠ ಹೇಳಿದ್ದರು. "ಫ್ರಿಜ್ ಒಳಗೆ ಇಡಿ, ಬಾಗಿಲಲ್ಲಿ ಬೇಡ, ಫ್ರೀಜರ್ ಬೇಡ. ಇದು ಜೀವ ಇರೋ ಲಸಿಕೆ ಮೇಡಂ. ಬಿಸಿಗೆ ಸತ್ತರೆ ಹಕ್ಕಿ ಕಣ್ಣಿಗೆ ಬರೀ ನೀರು ಬಿಟ್ಟ ಹಾಗೇ ಲೆಕ್ಕ." ನಾನು ನಕ್ಕು, ಇದನ್ನೇ ಮಕ್ಕಳಿಗೆ ಹೇಳಿಕೊಟ್ಟವಳು ನಾನು ಎಂದಿದ್ದೆ.

ಸುಮ್ಮನೆ ಇಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಮ್ಮ ಅದೇನು ಎಂದು ಕೇಳಿದಾಗ ಮೇಷ್ಟರಿಕೆ ಎದ್ದು ಬಂತು. ಈ ರೋಗಾಣುವನ್ನು ದುರ್ಬಲಗೊಳಿಸಿ ಕೋಳಿಮೊಟ್ಟೆಯೊಳಗೆ ಬೆಳೆಸುತ್ತಾರೆ, ಆಮೇಲೆ ಒಣಗಿಸಿ ಪುಡಿ ಮಾಡುತ್ತಾರೆ ಎಂದೆಲ್ಲ ವಿವರಿಸಿದೆ. ಅಮ್ಮ ರೊಟ್ಟಿ ಬೇಯಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಮೊಟ್ಟೇಲಿ ಬೆಳೆಸಿದ್ದನ್ನ ಹಾಲಿನ ಪಕ್ಕ ಇಟ್ಟಿದೀಯಾ? ನಾಳೆ ಏಕಾದಶಿ ಕಣೆ. ನಾಡಿದ್ದು ಬೆಳಿಗ್ಗೆ ಪಾರಣೆಗೆ ಅಂತ ಅವರೇಕಾಳು, ಅಗಸೆಸೊಪ್ಪು ಎಲ್ಲಾ ಅಲ್ಲೇ ಇದೆ."

"ಸೀಸೆಗೆ ಮುಚ್ಚಳ ಇದೆ, ಡಬ್ಬಿಗೆ ಮುಚ್ಚಳ ಇದೆ. ಇನ್ನೆಷ್ಟು ಮಡಿ ಬೇಕು ನಿಂಗೆ?"

"ಬಿಸಾಕು ಅಂದ್ನಾ? ಒಂದು ದಿನ ಮೇಲಿನ ಮನೆಯವರ ಫ್ರಿಜ್ಜಲ್ಲಿ ಇಡು. ಕೇಳಿದ್ರೆ ಇಲ್ಲ ಅಂತಾರಾ?"

ಇಲ್ಲ ಎನ್ನುತ್ತಿರಲಿಲ್ಲ. ಆದರೆ ಅವರು ಗಿಡಗಳಿಗೆ ಹಾಕಿದ ನೀರು ನಮ್ಮ ಒಣಗಿದ ಬಟ್ಟೆಯ ಮೇಲೆ ಸುರಿಯಿತೆಂದು ನಾನು ಹದಿನೈದು ದಿನದ ಹಿಂದೆ ಜಗಳ ಮಾಡಿ ಮಾತು ಬಿಟ್ಟಿದ್ದೆ. ಹತ್ತು ಮೆಟ್ಟಿಲು ಹತ್ತಿ ಒಂದು ಡಬ್ಬಿ ಇಟ್ಟುಕೊಳ್ಳಿ ಎನ್ನಲು ನನ್ನ ಬಿಗುಮಾನ ಒಪ್ಪಲಿಲ್ಲ. ಶನಿವಾರ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ ಅಡುಗೆಮನೆಗೆ ಬರುವ ಮೊದಲೇ ಡಬ್ಬಿಯನ್ನು ತೆಗೆದು, ಫ್ರೀಜರಿನಲ್ಲಿದ್ದ ಐಸನ್ನೆಲ್ಲ ಅದರೊಳಗೆ ಸುರಿದು, ಅಡುಗೆಮನೆಯ ಹಿಂದಿನ ಬಯಲು ಯುಟಿಲಿಟಿಯಲ್ಲಿ ವಾಷಿಂಗ್ ಮಿಷನ್ನಿನ ಪಕ್ಕ ಇಟ್ಟೆ. ಐಸ್ ಕರಗುವಷ್ಟರಲ್ಲಿ ಇನ್ನಷ್ಟು ತಂದು ಹಾಕಿದರಾಯಿತು ಎಂದುಕೊಂಡೆ. ಭಾನುವಾರ ಬರುವವರಿಗೆ ಕಾಫಿಗೆ ಲೋಟ ಸಾಲದೆಂದು ಜಯನಗರಕ್ಕೆ ಹೋದೆ. ಅಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು, ಹರಟೆ ಬೆಳೆಯಿತು. ಬರುವಾಗ ಸಂಜೆ ನಾಲ್ಕೂವರೆ.

ಯುಟಿಲಿಟಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ, ಅಲ್ಲೇ ಸಂಡಿಗೆ ಒಣಗಿಸುತ್ತೇವೆ. ಡಬ್ಬಿ ಮುಟ್ಟಿದರೆ ಬೆಚ್ಚಗಿತ್ತು. ಒಳಗೆ ಬರೀ ನೀರು. ಸೀಸೆ ಅದರಲ್ಲಿ ತೇಲುತ್ತಿತ್ತು, ಲೇಬಲ್ಲಿನ ಒಂದು ಅಂಚು ಬಿಟ್ಟುಕೊಂಡಿತ್ತು. ನಾನು ಅದನ್ನು ಸೆರಗಿನಲ್ಲಿ ಒರೆಸಿ, ಲೇಬಲ್ಲನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿ, ಅಮ್ಮ ಜಪಕ್ಕೆ ಕೂತಿದ್ದಾಗ ಸದ್ದಿಲ್ಲದೆ ಮತ್ತೆ ಫ್ರಿಜ್ಜಿನೊಳಗೆ ಇಟ್ಟೆ.

ಭಾನುವಾರ ಹತ್ತು ಗಂಟೆಗೆಲ್ಲ ಏಳು ಮನೆಯವರು ಬಂದಿದ್ದರು. ನಡುಮನೆಯ ತುಂಬ ಪಂಜರಗಳು, ಲವ್ ಬರ್ಡ್ಸ್ ಕಲಕಲ, ನಡುವೆ ಬಿಳಿ ಕಾಕಟೀಲ್ ಕೀಂ ಕೀಂ. ಎಲ್ಲರೂ ನಗುತ್ತಿದ್ದರು. ಡಾಕ್ಟರು ಸೀಸೆ ಎತ್ತಿ ಬೆಳಕಿಗೆ ಹಿಡಿದರು.

"ಲೇಬಲ್ ಯಾಕೋ ಸುಕ್ಕಾಗಿದೆಯಲ್ಲ ಮೇಡಂ?"

"ಐಸಲ್ಲಿ ತಂದ್ನಲ್ಲ ಡಾಕ್ಟ್ರೇ, ಅದಕ್ಕೆ."

"ಆಮೇಲಿಂದ ಫ್ರಿಜ್ಜಲ್ಲೇ ಇತ್ತು ತಾನೇ?"

"ಹೌದು."

ಒಂದೇ ಮಾತು. ಅದನ್ನು ಹೇಳುವ ಮೊದಲು ನನಗೆ ಯೋಚಿಸಲು ಸಮಯವಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹಿಂದಿನ ಸಂಜೆಯಿಂದ ನಾನು ಯೋಚಿಸುತ್ತಿದ್ದುದೇ ಅದನ್ನು. ಹೇಳಿದರೆ ಏಳು ಮನೆಯವರು ಪಂಜರ ಎತ್ತಿಕೊಂಡು ವಾಪಸು ಹೋಗಬೇಕಿತ್ತು, ಅಷ್ಟೇ. ಇನ್ನೊಂದು ಸೀಸೆ, ಇನ್ನೊಂದು ಭಾನುವಾರ. ವಿಜ್ಞಾನದ ಟೀಚರು ಲಸಿಕೆಯನ್ನು ಬಿಸಿಲಲ್ಲಿ ಇಟ್ಟಳಂತೆ ಎಂದು ನಾಲ್ಕು ದಿನ ನಗುತ್ತಿದ್ದರು. ಆ ನಗುವನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಡಾಕ್ಟರು ಒಂದೊಂದು ಹಕ್ಕಿಯನ್ನೂ ಟವೆಲಿನಲ್ಲಿ ಹಿಡಿದು ಕಣ್ಣಿಗೊಂದು, ಮೂಗಿಗೊಂದು ತೊಟ್ಟು ಬಿಟ್ಟರು. ಅಂಗಡಿಯವರ ಹಕ್ಕಿಯನ್ನು ಹಿಡಿದುಕೊಂಡಿದ್ದು ನಾನೇ. ಅಂಗೈಯಲ್ಲಿ ಅದರ ಎದೆ ಪಟಪಟ ಬಡಿಯುತ್ತಿತ್ತು. ತೊಟ್ಟು ಬಿದ್ದಾಗ ಕಣ್ಣು ಮಿಟುಕಿಸಿ ಕೀಂ ಎಂದಿತು.

"ಒಂದು ತಿಂಗಳಿಗೆ ಇನ್ನೊಂದು ಡೋಸ್ ಹಾಕೋಣ," ಎಂದರು ಡಾಕ್ಟರು. "ಮೊದಲ ಎರಡು ವಾರ ಒಳಗೇ ಇಟ್ಕೊಳಿ. ಆಮೇಲೆ ಹೊರಗೆ ಇಡಬಹುದು, ಪಾರಿವಾಳ ಮಾತ್ರ ಹತ್ರ ಬಿಡಬೇಡಿ."

ಆ ಮಾತನ್ನು ನಾನು ಹಿಡಿದುಕೊಂಡೆ. ಒಂದು ತಿಂಗಳು. ಎರಡನೆಯ ಸೀಸೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ, ಎಲ್ಲ ಸರಿಹೋಗುತ್ತದೆ. ಪುಡಿ ಪೂರ್ತಿ ಸತ್ತಿರಲಿಕ್ಕಿಲ್ಲ, ಅರ್ಧವಾದರೂ ಕೆಲಸ ಮಾಡೀತು. ನನ್ನ ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಅಮ್ಮನಿಗೆ ಮೊದಲ ದಿನವೇ ಗೊತ್ತಾಗಿತ್ತು. ಯುಟಿಲಿಟಿಯಲ್ಲಿ ಒದ್ದೆ ಡಬ್ಬಿ ಇಟ್ಟಿದ್ದ ಗುರುತು ನೋಡಿದ್ದಳು. ಎಲ್ಲರೂ ಹೋದ ಮೇಲೆ ಕೇಳಿದಳು.

"ಡಾಕ್ಟ್ರಿಗೆ ಹೇಳ್ದ್ಯಾ?"

"ಏನನ್ನ?"

"ನಂಗೇನು ತಿಳಿಯಲ್ಲ ಅಂದ್ಕೋಬೇಡ. ನನ್ನ ಮೇಲೆ ಹಾಕು. ಮುದುಕಿ ಏಕಾದಶಿ ಅಂತ ಹಠ ಮಾಡಿದ್ಲು, ಫ್ರಿಜ್ಜಲ್ಲಿ ಇಡಕ್ಕೆ ಬಿಡ್ಲಿಲ್ಲ ಅನ್ನು. ಬೈದ್ರೆ ನನ್ನ ಬೈಲಿ."

ನಾನು ಅಮ್ಮನ ಮೇಲೆಯೇ ರೇಗಿದೆ. ನಿನ್ನ ಮಡಿಯಿಂದಲೇ ಇಷ್ಟೆಲ್ಲ ಆಯಿತು ಎಂದೆ. ಅವಳು ಮೇಲಿನ ಮನೆಯಲ್ಲಿಡು ಎಂದದ್ದು ಇಬ್ಬರಿಗೂ ನೆನಪಿತ್ತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ದಿನಾ ದೇವರಿಗೆ ದೀಪ ಹಚ್ಚುವಾಗ ನಡುಮನೆಯ ಕಡೆ, ಪಂಜರದ ಕಡೆ, ಒಮ್ಮೆ ತಿರುಗಿ ನೋಡುತ್ತಿದ್ದಳು.

ಆ ವಾರ ಬೀದಿಯಲ್ಲಿ ಪಾರಿವಾಳಗಳು ಹೆಚ್ಚು ಬೀಳತೊಡಗಿದವು. ಎದುರು ಮನೆಯ ಕಾರಿನ ಕೆಳಗೆ ಒಂದು, ನಮ್ಮ ಗೇಟಿನ ಪಕ್ಕದ ಚರಂಡಿಯ ಚಪ್ಪಡಿಯ ಮೇಲೆ ಒಂದು. ಪೌರಕಾರ್ಮಿಕ ಹೆಂಗಸು ಪೊರಕೆಯಿಂದ ಸರಿಸುತ್ತಾ, "ಏನಕ್ಕಾ ಇದು, ದಿನಾ ಇದೇ ಆಗೋಯ್ತು," ಎಂದಳು. ನಾನು ಆ ದಿನವೇ ಬಡಗಿಯನ್ನು ಕರೆಸಿ ನಡುಮನೆಯ ಎರಡೂ ಕಿಟಕಿಗೆ ಸೊಳ್ಳೆಪರದೆಯ ಜಾಲರಿ ಹೊಡೆಸಿದೆ. ವರಾಂಡದಲ್ಲಿ ಪಂಜರ ತೂಗುತ್ತಿದ್ದ ಕೊಕ್ಕೆಯನ್ನು ಕೀಳಿಸಿದೆ. ಹೊರಗಿಂದ ಬಂದರೆ ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟು, ಕೈಕಾಲು ತೊಳೆದು, ಸೀರೆ ಬದಲಿಸಿ ಆಮೇಲೆ ಪಂಜರದ ಹತ್ತಿರ ಹೋಗುತ್ತಿದ್ದೆ. ಅಮ್ಮನ ಮಡಿಯನ್ನು ಆಡಿಕೊಂಡವಳು ಅವಳಿಗಿಂತ ಹೆಚ್ಚು ಮಡಿ ಮಾಡುತ್ತಿದ್ದೆ. ನನ್ನ ಹಕ್ಕಿಗೆ ಲಸಿಕೆ ಹತ್ತಿಲ್ಲವೆಂದು ನನಗೆ ಗೊತ್ತಿತ್ತು, ಅದಕ್ಕೆ ತಕ್ಕಂತೆ ಕಾಪಾಡಿಕೊಂಡೆ. ಉಳಿದ ಏಳು ಮನೆಯವರಿಗೆ ಗೊತ್ತಿರಲಿಲ್ಲ.

ಎರಡು ವಾರ ಕಳೆದ ಮೇಲೆ ಗ್ರೂಪಿನಲ್ಲಿ ಫೋಟೋಗಳು ಬರತೊಡಗಿದವು. ಬಾಲ್ಕನಿಯಲ್ಲಿ ಪಂಜರ, ತಾರಸಿಯಲ್ಲಿ ಪಂಜರ. ಒಂದೊಂದು ಫೋಟೋ ಬಂದಾಗಲೂ ಅದನ್ನು ದೊಡ್ಡದು ಮಾಡಿ, ಹತ್ತಿರದಲ್ಲಿ ಪಾರಿವಾಳವಿದೆಯೇ ಎಂದು ನೋಡುತ್ತಿದ್ದೆ. ಅಂಗಡಿಯವರು ಹಾಕಿದ ಫೋಟೋದಲ್ಲಿ ಅವರ ಹೆಂಡತಿ ಮತ್ತೆ ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ತಲೆಯ ಮೇಲೆ, ಸೂರಿನ ತಗಡು ಶೀಟಿಗೆ ತೂಗುಹಾಕಿದ ಪಂಜರದಲ್ಲಿ ಬಿಳಿ ಹಕ್ಕಿ. ಆಕೆ ನಗುತ್ತಿದ್ದರು, ಬಾಯಿ ಒಂದು ಕಡೆ ಮಾತ್ರ ಮೇಲೆದ್ದಿತ್ತು.

ಮಾರನೆಯ ದಿನ ಹೇಳಿಬಿಡುತ್ತೇನೆಂದು ಆಟೋ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಂಗಡಿಯ ಎದುರಿನ ಖಾಲಿ ಸೈಟಿನಲ್ಲಿ ಯಾರೋ ಪುಣ್ಯಕ್ಕೆಂದು ಜೋಳ ಚೆಲ್ಲಿದ್ದರು. ನೂರಾರು ಪಾರಿವಾಳ. ತಿಂದು ಎದ್ದವು ಅಂಗಡಿಯ ಶೀಟಿನ ಮೇಲೆ ಬಂದು ಕೂರುತ್ತಿದ್ದವು, ಅವುಗಳ ಪುಕ್ಕ ಪಂಜರದ ಮೇಲೆ ಬೀಳುತ್ತಿತ್ತು. ಆಕೆ ನನ್ನನ್ನು ಕಂಡು ಗುರುತು ಹಿಡಿದು, ನೋಡಿ ಎಂಬಂತೆ ಡಬ್ಬಿ ಬಡಿದರು. ಎರಡು ಸಲ. ಮೇಲಿನಿಂದ ಕೀಂ ಕೀಂ.

"ಬನ್ನಿ ಮಿಸ್, ಬನ್ನಿ. ಅವಳಿಗೆ ಈಗ ಜೀವ ಬಂದಂಗಾಗಿದೆ ನೋಡಿ."

"ಪಂಜರ ಇನ್ನೂ ಒಳಗೇ ಇಡಬಾರ್ದಾ? ಇಷ್ಟೊಂದು ಪಾರಿವಾಳ ಇದೆ."

"ಡಾಕ್ಟ್ರು ಎರಡು ವಾರ ಅಂದ್ರಲ್ಲ, ಆಯ್ತು. ಹತ್ರ ಬಂದ್ರೆ ನಾನೇ ಓಡಿಸ್ತೀನಿ. ಲಸಿಕೆ ಹಾಕ್ಸಿದೀವಲ್ಲ ಮಿಸ್, ಇನ್ನೇನ್ ಭಯ?"

ಹೇಳಲು ಬಾಯಿ ತೆರೆದೆ. ಆಕೆ ಮತ್ತೆ ಡಬ್ಬಿ ಬಡಿದರು. ಒಬ್ಬ ಗಿರಾಕಿ ಬಂದು ಚಕ್ಕುಲಿ ಕೇಳಿದ. ಅಂಗಡಿಯವರು ತೂಗುತ್ತಲೇ, "ಏನ್ ಕೊಡ್ಲಿ ಮಿಸ್?" ಎಂದರು. ಉದ್ದಿನ ಹಪ್ಪಳ ಒಂದು ಪೊಟ್ಟಣ ಎಂದೆ. ಅದನ್ನು ಚೀಲಕ್ಕೆ ಹಾಕಿಕೊಂಡು, ಎರಡನೆಯ ಡೋಸಿಗೆ ಇನ್ನು ಹದಿಮೂರು ದಿನ ಎಂದು ಲೆಕ್ಕ ಹಾಕುತ್ತಾ ಮನೆಗೆ ಬಂದೆ.

ಎಂಟನೆಯ ದಿನ ಅಂಗಡಿಯವರ ಫೋನ್ ಬಂತು. ಹಕ್ಕಿ ಬೆಳಿಗ್ಗೆಯಿಂದ ಹಸಿರು ನೀರಿನಂತೆ ಹಿಕ್ಕೆ ಹಾಕುತ್ತಿದೆ, ಕಾಳು ಕುಕ್ಕಲು ಹೋದರೆ ಗುರಿ ತಪ್ಪುತ್ತಿದೆ ಎಂದರು. ಆಮೇಲೆ ಹೇಳಿದರು. "ಕತ್ತು ಒಂಥರಾ ಮಾಡ್ತಿದೆ ಮಿಸ್. ಸುಮ್ನೆ ಆಟ ಆಡ್ತಿದೆಯೇನೋ ಅಲ್ವಾ?"

ನಾನು ಡಾಕ್ಟರಿಗೆ ಫೋನ್ ಮಾಡಿ ಎಂದೆ. ಅಷ್ಟೇ ಹೇಳಿದ್ದು. ಡಾಕ್ಟರು ಹೋಗಿ ನೋಡಿದರು, ಬೇರೆ ಕೋಣೆಯಲ್ಲಿಡಿಸಿದರು, ಸಿರಿಂಜಿನಲ್ಲಿ ಗಂಜಿ ಕೊಡಲು ಕಲಿಸಿದರು. ನಾಲ್ಕು ದಿನ ಅಂಗಡಿಯವರು ಎರಡು ಗಂಟೆಗೊಮ್ಮೆ ಗಂಜಿ ಕೊಟ್ಟರಂತೆ. ಐದನೆಯ ದಿನ, ಶನಿವಾರ, ಹಕ್ಕಿ ಹೋಯಿತು. ಆ ಸಂಜೆ ಡಾಕ್ಟರು ನನಗೆ ಫೋನ್ ಮಾಡಿದರು. ನಾಳೆ ಎರಡನೆಯ ಡೋಸು ಇದ್ದೇ ಇದೆ, ಉಳಿದ ಹಕ್ಕಿಗಳಿಗೆ ತಪ್ಪಿಸುವುದು ಬೇಡ ಎಂದರು. ಕೊನೆಗೆ, "ಈ ಸಲ ಸೀಸೆ ನಾನೇ ತರ್ತೀನಿ ಮೇಡಂ," ಎಂದು ಇಟ್ಟರು.

ಭಾನುವಾರ ಆರು ಮನೆಯವರು ಬಂದರು. ಯಾರೂ ನಗುತ್ತಿರಲಿಲ್ಲ. ಪಂಜರಗಳನ್ನು ದೂರ ದೂರ ಇಟ್ಟು, ತಮ್ಮ ತಮ್ಮ ಹಕ್ಕಿಯ ಕತ್ತನ್ನೇ ನೋಡುತ್ತಾ ಕೂತಿದ್ದರು. ಡಾಕ್ಟರು ತಮ್ಮ ಐಸ್ ಡಬ್ಬಿ ತೆರೆಯುವ ಹೊತ್ತಿಗೆ ಗೇಟಿನ ಸದ್ದಾಯಿತು. ಅಂಗಡಿಯವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡೇ ಬಂದಿದ್ದೇನೆ, ರೋಗದ ಮನೆಯಿಂದ ಬಂದವನು ಒಳಗೆ ಬರುವುದಿಲ್ಲ ಎಂದು ವರಾಂಡದಲ್ಲೇ ನಿಂತರು. ನಾನು ಹೊರಗೆ ಹೋದೆ.

"ನವಣೆ ಮಿಸ್. ಸೀಲ್ ಒಡೆದಿಲ್ಲ, ಅವನ ಹತ್ರ ಇಟ್ಟಿರ್ಲಿಲ್ಲ. ನಿಮ್ಮವನಿಗೆ ಆಗತ್ತೆ. ನಮ್ಮನೇಲಿ ಇನ್ಯಾರು ತಿನ್ತಾರೆ."

ನಾನು ಕೈ ನೀಡಿ ತೆಗೆದುಕೊಂಡೆ. ಅವರ ಹೆಂಡತಿ ಹೇಗಿದ್ದಾರೆ ಎಂದು ಕೇಳಿದೆ.

"ಅವಳಿಗೆ ಹೇಳಿದೀನಿ. ಅರ್ಥ ಆಗಿದೆಯೋ ಇಲ್ವೋ. ಡಬ್ಬಿ ಬಡೀತಾಳೆ, ಮೇಲೆ ನೋಡ್ತಾಳೆ. ಮತ್ತೆ ಬಡೀತಾಳೆ." ಅವರು ಕಣ್ಣು ಒರೆಸಿಕೊಂಡರು. "ತಪ್ಪು ನಂದೇ ಮಿಸ್. ಲಸಿಕೆ ಆಗಿದೆ ಅನ್ನೋ ಧೈರ್ಯಕ್ಕೆ ಆಚೆ ಇಟ್ಬಿಟ್ಟೆ."

ಆಮೇಲೆ ಅವರು ಮುಖ ಎತ್ತಿದರು. ಖಾಲಿ ತೊಲೆಯಲ್ಲಿ ಕೊಕ್ಕೆ ಕಿತ್ತ ತೂತು ನೋಡಿದರು. ಕಿಟಕಿಯ ಹೊಸ ಜಾಲರಿ ನೋಡಿದರು, ಅದರಾಚೆ ಮೂಲೆಯಲ್ಲಿ ನನ್ನ ಹಕ್ಕಿಯ ಪಂಜರ ನೋಡಿದರು. ಅವರ ಮುಖದಲ್ಲಿ ಅನುಮಾನವಿರಲಿಲ್ಲ, ಬರೀ ಅಚ್ಚರಿ.

"ನೀವು ಆಚೆ ಇಡ್ಲೇ ಇಲ್ವಾ ಮಿಸ್? ಲಸಿಕೆ ಆದ್ಮೇಲೂ?"

ಒಳಗೆ ಡಾಕ್ಟರ ಕೈ ನಿಂತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅವಳು ಬಾಯಿ ತೆರೆಯುವುದನ್ನು ಕಂಡೆ, ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳಲು ಹೊರಟಿದ್ದಳು. ಅದಕ್ಕೆ ಮೊದಲೇ ನಾನು ಹೇಳಿದೆ. ಏಕಾದಶಿ, ಯುಟಿಲಿಟಿ, ಬಿಸಿಲು, ಲೇಬಲ್ಲು, ಡಾಕ್ಟರಿಗೆ ಹೇಳಿದ ಸುಳ್ಳು, ಎಲ್ಲ. ನನ್ನ ದನಿ ತರಗತಿಯಲ್ಲಿ ಓದಿ ಹೇಳುವ ದನಿಯಂತೆಯೇ ಇತ್ತು, ಅದು ನನಗೇ ಅಸಹ್ಯವಾಯಿತು.

ಯಾರೋ ಒಳಗೆ "ಅಯ್ಯೋ" ಎಂದರು. ಸರಿಯಾದ ಲಸಿಕೆ ಹಾಕಿದರೂ ಕೆಲವು ಹಕ್ಕಿಗೆ ಹತ್ತುವುದಿಲ್ಲ, ಖಂಡಿತ ಹೇಳಲಾಗದು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನನ್ನ ಮುಖ ನೋಡದೆ ಹೇಳಿದರು.

ಅಂಗಡಿಯವರು ಬೈಯುತ್ತಾರೆಂದು ಕಾದೆ. ಬೈಯಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಅವರು ನೆಲ ನೋಡುತ್ತಾ ಕೇಳಿದರು.

"ಆವತ್ತು ಅಂಗಡಿಗೆ ಬಂದಿದ್ರಲ್ಲ ಮಿಸ್. ಇದನ್ನ ಹೇಳಕ್ಕೇನಾ ಬಂದಿದ್ದು?"

"ಹೌದು."

"ಆಗ ಅವನು ಚೆನ್ನಾಗೇ ಇದ್ದ."

"ಹೌದು."

ಅವರು ತಲೆಯಾಡಿಸಿದರು, ಏನನ್ನೋ ನೆನಪು ಮಾಡಿಕೊಂಡಂತೆ.

"ಹಪ್ಪಳ ತಗೊಂಡು ಹೋದ್ರಿ," ಎಂದರು.

ಗೇಟಿನ ಹತ್ತಿರ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, ಗೇಟನ್ನು ಸದ್ದಾಗದಂತೆ ಹಾಕಿ ಹೊರಟುಹೋದರು. ನವಣೆಯ ಡಬ್ಬಿ ನನ್ನ ಕೈಯಲ್ಲೇ ಇತ್ತು.